ಮೂರು ಚುಕ್ಕಿಯ ಮೇಜು

ಎದುರು ಮನೆಯ ಬಾಗಿಲು ತೆರೆದಿದ್ದಾಗ ನಾನು ಒಳಗೆ ನೋಡುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೆಟ್ಟಿಲು ಹತ್ತುವಾಗ ನೋಡುತ್ತಿದ್ದೆ, ಇಳಿಯುವಾಗ ನೋಡುತ್ತಿದ್ದೆ, ಕೆಳಗಿನ ನಲ್ಲಿಗೆ ಕೊಡ ತಗೊಂಡು ಹೋಗುವಾಗಲೂ ಒಂದು ಸಲ ನೋಡಿಯೇ ಹೋಗುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಯಶವಂತಪುರದಲ್ಲಿ ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದಿನ ಬೀದಿ. ಮಹಡಿಯ ಮೇಲೆ ಎದುರುಬದುರು ಎರಡು ಬಾಡಿಗೆ ಮನೆ. ಒಂದರಲ್ಲಿ ನಾನು, ನನ್ನ ಗಂಡ. ಇನ್ನೊಂದರಲ್ಲಿ ಆಕೆ, ಆಕೆಯ ಗಂಡ, ಏಳನೇ ಕ್ಲಾಸು ಓದುವ ಮಗಳು. ಎರಡೂ ಮನೆಯ ಅಳತೆ ಒಂದೇ: ಒಂದು ಹಾಲು, ಒಂದು ರೂಮು, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದ ಅಡುಗೆಮನೆ. ಅದೇ ಕೆಂಪು ಗಾರೆ ನೆಲ, ಅದೇ ಕಿಟಕಿ. ಹಾಗಿದ್ದೂ ಅವರದು ಮನೆಯ ಹಾಗೆ ಕಾಣುತ್ತಿತ್ತು, ನಮ್ಮದು ಲಾರಿಯಿಂದ ಸಾಮಾನು ಇಳಿಸಿದ ಜಾಗದ ಹಾಗೆ.

ನಾನು ವಿಜಾಪುರದ ಕಡೆಯವಳು. ನಮ್ಮ ಮನೆತನದಲ್ಲಿ ಬಿ.ಎ. ಪಾಸು ಮಾಡಿದವರಲ್ಲಿ ನಾನೇ ಮೊದಲನೆಯವಳು, ಗಂಡಸರನ್ನೂ ಸೇರಿಸಿ. ಜೋಳದ ಚೀಲಕ್ಕೆ ಬೆನ್ನು ಕೊಟ್ಟು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದಿದವಳು. ಹಾಸ್ಟೆಲಿನಲ್ಲಿ ಟ್ರಂಕಿನ ಮೇಲೆ ಬರೆದವಳು. ಪರೀಕ್ಷೆ ಕಟ್ಟಿ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಹಿಡಿದು ಬೆಂಗಳೂರಿಗೆ ಬಂದವಳು. ಇದನ್ನೆಲ್ಲ ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ, ಅದರಲ್ಲಿ ನನಗೆ ನಾಚಿಕೆಯಿಲ್ಲ.

ಆಕೆ ಇಲ್ಲೇ ಹತ್ತಿರದ ಮಾಕಳಿಯವಳು. ಶಾಲೆಯ ಮುಖ ಕಂಡವಳಲ್ಲ. ಬಸ್ಸಿನ ಬೋರ್ಡು ಓದಲು ಬಾರದೆ ಪಕ್ಕದವರನ್ನು ಕೇಳಿ ಹತ್ತುತ್ತಿದ್ದಳು. ಗಂಡ ಗೂಡ್ಸ್ ಶೆಡ್ಡಿನಲ್ಲಿ ಲೋಡಿಂಗ್ ಮೇಸ್ತ್ರಿ. ನನಗೆ ಡಿಗ್ರಿ ಇತ್ತು, ಆಕೆಗೆ ಕಣ್ಣಿತ್ತು. ಅದೇ ನನ್ನ ಹೊಟ್ಟೆ ಉರಿಸುತ್ತಿದ್ದದ್ದು.

ಆಗ ಊರೊಳಗಿನ ಹಳೇ ಬಂಗಲೆಗಳನ್ನು ಒಂದೊಂದಾಗಿ ಒಡೆಯುತ್ತಿದ್ದರು. ಅವುಗಳ ಬಾಗಿಲು, ಕಿಟಕಿ, ಕುರ್ಚಿ, ಕನ್ನಡಿ ಎಲ್ಲ ಗುಜರಿಗೆ ಬೀಳುತ್ತಿದ್ದವು. ತುಮಕೂರು ರಸ್ತೆಯ ಪಕ್ಕದಲ್ಲಿ ತಗಡಿನ ಶೆಡ್ಡಿನ ಒಂದು ಗುಜರಿ ಅಂಗಡಿ ಇತ್ತು. ವಯಸ್ಸಾದ ಒಬ್ಬ ಸಾಹೇಬರು ನಡೆಸುತ್ತಿದ್ದರು; ಎಲ್ಲರೂ ಭಾಯಿ ಅನ್ನುತ್ತಿದ್ದೆವು. ಹೊಸದು ಕೊಳ್ಳುವ ಶಕ್ತಿ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಶನಿವಾರ ಬಂತೆಂದರೆ ಅಲ್ಲಿಗೆ ಹೆಂಗಸರ ದಂಡೇ ಹೋಗುತ್ತಿತ್ತು.

ಆಕೆ ಅಲ್ಲಿಂದ ಬಣ್ಣದ ಗಾಜಿನ ಒಂದು ಕಿಟಕಿ ಬಾಗಿಲು ತಂದು ತನ್ನ ಕಿಟಕಿಗೆ ಒರಗಿಸಿಟ್ಟಳು. ಮಧ್ಯಾಹ್ನವಾದರೆ ಕೆಂಪು ನೆಲದ ಮೇಲೆ ಹಸಿರು, ನೀಲಿ ಚೌಕಗಳು ಬೀಳುತ್ತಿದ್ದವು. ತೊಟ್ಟಿಲಿನ ಹಿತ್ತಾಳೆ ಸರಪಳಿ ತಂದು ಮನಿಪ್ಲಾಂಟಿನ ಕುಂಡ ತೂಗುಹಾಕಿದಳು. ನಾನೂ ಬಿಡಲಿಲ್ಲ. ಒಂದು ಕಾಲು ಗಿಡ್ಡವಾದ ದುಂಡು ಮೇಜು ತಂದೆ, ನಡೆಯದ ಗೋಡೆ ಗಡಿಯಾರ ತಂದೆ, ಬೆತ್ತದ ಕುರ್ಚಿ ತಂದೆ. ನನ್ನ ಅವ್ವನ ಹಳೇ ಇಳಕಲ್ ಸೀರೆಯೊಂದನ್ನು ಕಿಟಕಿಗೆ ಪರದೆ ಮಾಡಿ ಕಟ್ಟಿ, ಇದನ್ನು ಮೀರಿಸಲಿ ನೋಡೋಣ ಅಂದುಕೊಂಡೆ. ಆಕೆ ಬಂದು ನೋಡಿ, ಕೆಟ್ಟ ಮನಸ್ಸಿನಿಂದಲ್ಲ, ನಿಜವಾಗಿಯೂ ಒಳ್ಳೇದಕ್ಕೇ, ಸೀರೆ ಕಿಟಕಿಗೆ ಬೇಡ, ಬೆಳಕು ತಿಂತದೆ, ರೂಮಿನ ಬಾಗಿಲಿಗೆ ಹಾಕಿ ಅಂದಳು. ಹಟಕ್ಕೆ ಒಂದು ತಿಂಗಳು ಹಾಗೇ ಬಿಟ್ಟೆ. ಆಕೆ ಊರಿಗೆ ಹೋದ ದಿನ ನೋಡಿ ಬಾಗಿಲಿಗೆ ಬದಲಾಯಿಸಿದೆ. ಹೇಳಿದ ಹಾಗೇ ಒಪ್ಪಿತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ನನ್ನ ಗಂಡನಂತೂ ಮುಚ್ಚುಮರೆ ಇಲ್ಲದ ಮನುಷ್ಯ. "ಅವರ ಮನಿ ನೋಡಿದ್ರ ಕೂಡಬೇಕು ಅನಸ್ತದ. ನಮ್ಮ ಮನ್ಯಾಗ ಯಾವುದಕ್ಕ ಕಾಲು ಬಡೀತದೋ ಅಂತ ನಿಂತೇ ಇರಬೇಕಾಗ್ತದ" ಅಂದ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ಕಚೇರಿಯ ಸಹೋದ್ಯೋಗಿಯೊಬ್ಬಳನ್ನು ಒಂದು ಭಾನುವಾರ ಊಟಕ್ಕೆ ಕರೆದಿದ್ದೆ. ಊಟ ಮಾಡಿ ಹೊರಟವಳು ಎದುರಿನ ಬಾಗಿಲಲ್ಲಿ ನಿಂತು, ಒಳಗೆ ಇಣುಕಿ, ಕರೆದರೆಂದು ಒಳಗೇ ಹೋಗಿ, ಅರ್ಧ ಗಂಟೆ ಕೂತು ಕಾಫಿ ಕುಡಿದು ಬಂದಳು. ಸೋಮವಾರ ಕಚೇರಿಯಲ್ಲಿ ಅದೇ ಮಾತು. ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ, ಅವರು ಏನು ಓದಿದ್ದಾರೆ ಎಂದು ಕೇಳಿದಳು. ಏನೂ ಓದಿಲ್ಲ, ಹೆಬ್ಬೆಟ್ಟು ಅಂದೆ. ಬಾಯಿಗೆ ಬೆಲ್ಲ ಹಾಕಿಕೊಂಡಂತಾಯಿತು. ಅವಳು "ಹೌದೇನ್ರೀ? ಗೊತ್ತೇ ಆಗಲ್ಲ" ಅಂದಳು. ಬೆಲ್ಲ ಅಲ್ಲೇ ಕಹಿಯಾಯಿತು.

ಇಷ್ಟು ಹೇಳಿದ ಮೇಲೆ ಆ ಶನಿವಾರದ ವಿಷಯಕ್ಕೆ ಬರಬಹುದು.

ಗುಜರಿ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಲೋಡು ಬಂದ ದಿನ ಬೆಳಿಗ್ಗೆ ಬಂದು, ಬೇಕಾದ ಸಾಮಾನಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗಬಹುದು. ಆಮೇಲೆ ಗಾಡಿ ಮಾಡಿಕೊಂಡು ಬಂದು ಒಯ್ದರಾಯಿತು. ಗುರುತು ಬಿದ್ದ ಸಾಮಾನನ್ನು ಭಾಯಿ ಬೇರೆ ಯಾರಿಗೂ ಕೊಡುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಒಬ್ಬೊಬ್ಬರದು ಒಂದೊಂದು ಗುರುತು. ಒಬ್ಬಾಕೆ ಶಿಲುಬೆ ಹಾಕುತ್ತಿದ್ದಳು, ಒಬ್ಬಾಕೆ ಚಂದ್ರ. ಎದುರು ಮನೆಯಾಕೆಯದು ಸಾಲಾಗಿ ಮೂರು ಚುಕ್ಕಿ, ಅವುಗಳ ಮೇಲೆ ರಂಗೋಲಿಯ ಹಾಗೆ ಒಂದು ಬಳ್ಳಿ. ನಾನು ಮಾತ್ರ ಅಕ್ಷರದಲ್ಲಿ ಬರೆಯುತ್ತಿದ್ದೆ: ಇನಿಷಿಯಲ್, ಹೆಸರು, ಮುಂದೆ ಬಿ.ಎ. ಬೆತ್ತದ ಕುರ್ಚಿಯ ಹಿಂಬದಿಗೂ ಬಿ.ಎ. ಬರೆದಿದ್ದೆ.

ಅವತ್ತು ಎರಡನೇ ಶನಿವಾರ, ರಜೆ. ಮಧ್ಯಾಹ್ನ ಹೋದೆ. ಭಾಯಿ ನಮಾಜಿಗೆ ಹೋಗಿದ್ದರು, ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮೂಲೆಯಲ್ಲಿ ಒಂದು ಬರೆಯುವ ಮೇಜು ನಿಂತಿತ್ತು. ಬೀಟೆ ಮರದ್ದು. ಇಳಿಜಾರು ಮುಚ್ಚಳ, ಅದನ್ನು ಎತ್ತಿದರೆ ಒಳಗೆ ಕಾಗದ ಇಡುವ ಸಣ್ಣ ಸಣ್ಣ ಗೂಡುಗಳು, ಬಲಗಡೆ ಮಸಿ ಕುಡಿಕೆಗೆ ಕೊರೆದ ದುಂಡು ಗುಳಿ. ಎಷ್ಟೋ ಮೊಣಕೈಗಳು ಒರೆಸಿ ಒರೆಸಿ ಅಂಚು ನುಣುಪಾಗಿತ್ತು. ನಾನು ಓದಿದ ಹದಿನೈದು ವರ್ಷವೂ ಇದು ನನಗಾಗಿ ಎಲ್ಲೋ ಕಾದಿತ್ತು ಅನ್ನಿಸಿತು. ಮುಚ್ಚಳದ ಮೇಲೆ ಮೂರು ಚುಕ್ಕಿ, ಒಂದು ಬಳ್ಳಿ.

ಬೆಳಿಗ್ಗೆ ಆಕೆ ನಗುನಗುತ್ತ ಮೆಟ್ಟಿಲು ಹತ್ತಿದ್ದು ಯಾಕೆಂದು ಆಗ ತಿಳಿಯಿತು. ಓದು ಬಾರದವಳಿಗೆ ಬರೆಯುವ ಮೇಜು ಯಾತಕ್ಕೆ? ತಗೊಂಡು ಹೋಗಿ ಮೇಲೆ ಹೂವಿನ ಕುಂಡ ಇಡುತ್ತಾಳೆ. ಅದೂ ಚೆನ್ನಾಗಿಯೇ ಕಾಣುತ್ತದೆ. ಬಂದವರೆಲ್ಲ ಹೊಗಳುತ್ತಾರೆ.

ಸೆರಗಿನ ಅಂಚಿನಿಂದ ಒರೆಸಿದೆ. ಪಕ್ಕದಲ್ಲೇ ಸೀಮೆಸುಣ್ಣದ ತುಂಡು ಇತ್ತು. ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದೆ. ಬಿ.ಎ. ಕೂಡ.

ಭಾಯಿ ಬಂದರು. ಮೇಜು ನೋಡಿದರು, ನನ್ನನ್ನು ನೋಡಿದರು. ಇದರ ಮೇಲೆ ಬೇರೆ ಗುರುತು ಇದ್ದ ಹಾಗಿತ್ತಲ್ಲ ಅಂದರು. ಇಲ್ಲ, ಬೆಳಿಗ್ಗೆಯೇ ಬಂದು ಬರೆದು ಹೋಗಿದ್ದೆ ಅಂದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆ ಅಕ್ಷರಗಳ ಕಡೆ ಸ್ವಲ್ಪ ಹೊತ್ತು ನೋಡಿ, "ನೀವು ಹೇಳ್ತೀರಾ ಅಂದ್ರೆ ಸರಿ ಇರ್ತದೆ ಅಮ್ಮಾ. ಓದಿದೋರು ನೀವು" ಅಂದರು. ತಳ್ಳುಗಾಡಿಯವನನ್ನು ಅವರೇ ಕೂಗಿ ಕರೆದರು.

ಮೇಜು ನಮ್ಮ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಗಾಡಿಯವನು ಮೇಲಿನಿಂದ ಎಳೆಯುತ್ತಿದ್ದ, ನಾನು ಕೆಳಗಿನಿಂದ ತಳ್ಳುತ್ತಿದ್ದೆ. ಸದ್ದಿಗೆ ಆಕೆ ಬಾಗಿಲು ತೆರೆದಳು. ನೋಡಿದಳು. ಮುಖದಲ್ಲಿ ಏನು ಬಂತು ಏನು ಹೋಯಿತು ನಾನು ಕಾಣೆ, ನಾನು ಮೇಜಿನ ಕಾಲನ್ನೇ ನೋಡುತ್ತಿದ್ದೆ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದು ಬಂದು, ಗೋಡೆ ಪಕ್ಕದ ಸಂದಿಯಲ್ಲಿ ನುಸುಳಿ ನನ್ನ ಪಕ್ಕದಲ್ಲಿ ನಿಂತು ಕೈ ಹಾಕಿದಳು.

"ಎಡಗಾಲು ಸಡ್ಲ ಐತೆ ಮೇಡಮ್ಮೋರೆ. ಇಂಗೆ ಓರೆ ಮಾಡ್ಕಳಿ, ಉಸಾರು."

ಎಡಗಾಲು ಸಡಿಲ ಎಂಬುದು ನನಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಬಗ್ಗಿ ಅಲ್ಲಾಡಿಸಿ ನೋಡಿದವರಿಗಷ್ಟೇ ಗೊತ್ತಿರುವ ಸಂಗತಿ ಅದು. ಒಳಗೆ ತಂದು ಇಟ್ಟೆವು. ಚಹಾ ಸೋಸಿ ಉಳಿದ ಗಷ್ಟು ಒಣಗಿಸಿ ಉಜ್ಜಿದರೆ ಹೊಳಪು ಬರುತ್ತದೆ ಎಂದು ಹೇಳಿ ಆಕೆ ಹೊರಟುಹೋದಳು. ಆಮೇಲೆ ಎದುರಿನ ಬಾಗಿಲು ಅರ್ಧ ಮುಚ್ಚಿಯೇ ಇರತೊಡಗಿತು.

ಗೆದ್ದ ಸುಖವೂ ಸಿಗಲಿಲ್ಲ. ಮೇಜನ್ನು ಕಿಟಕಿ ಕೆಳಗೆ ಇಟ್ಟೆ, ಬಾಗಿಲ ಪಕ್ಕ ಇಟ್ಟೆ, ರೂಮಿನೊಳಗೆ ಇಟ್ಟೆ. ಎಲ್ಲಿಟ್ಟರೂ ಯಾರದೋ ಮನೆಯಿಂದ ಬಂದು ನಿಂತ ಹಾಗೆ ಕಾಣುತ್ತಿತ್ತು. ಎಲ್ಲಿಡಬೇಕು ಎಂದು ಗೊತ್ತಿದ್ದವಳು ಎದುರಿಗಿದ್ದಳು, ಕೇಳುವ ಬಾಯಿ ನನಗಿರಲಿಲ್ಲ.

ಹತ್ತು ದಿನ ಕಳೆದಿರಬೇಕು. ಆಕೆಯ ಮಗಳು ನಮ್ಮ ಡಬ್ಬಿಯೊಂದನ್ನು ವಾಪಸು ಕೊಡಲು ಬಂದಳು. ಕೊಟ್ಟವಳು ಹೋಗಲಿಲ್ಲ. ಮೇಜಿನ ಇಳಿಜಾರಿನ ಮೇಲೆ ಅಂಗೈ ಇಟ್ಟು ಮೇಲಿಂದ ಕೆಳಕ್ಕೆ ಸವರುತ್ತ ನಿಂತಳು.

"ನಮ್ಮಮ್ಮ ನಂಗೂ ಇಂಥದ್ದೇ ತರ್ತೀನಿ ಅಂದಿತ್ತು ಆಂಟಿ. ಓದಕ್ಕೆ. ಅಷ್ಟರಲ್ಲಿ ಯಾರೋ ತಗೊಂಡೋಗ್ಬಿಟ್ರಂತೆ."

ಯಾರೋ. ಯಾರೆಂದು ತಾಯಿ ಮಗಳಿಗೆ ಹೇಳಿರಲಿಲ್ಲ.

ಆಗ ನನಗೆ ಪಶ್ಚಾತ್ತಾಪ ಆಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಮೊದಲು ಆದದ್ದು ಅದಲ್ಲ. ಹನ್ನೆರಡು ವರ್ಷದ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಆಯಿತು. ನಾನು ಪುಸ್ತಕ ಹಿಡಿದರೆ ನನ್ನ ಅವ್ವ ರೊಟ್ಟಿ ಬಡಿಯಲು ಕರೆಯುತ್ತಿದ್ದಳು. ಓದಿ ಏನ ಕಲೆಕ್ಟರ್ ಆಗಾಕಿ ಎಂದು ಕೇಳುತ್ತಿದ್ದಳು. ಕೆಟ್ಟವಳಲ್ಲ, ಅವಳಿಗೆ ತಿಳಿಯದು. ಈಕೆಗೂ ಅಕ್ಷರ ತಿಳಿಯದು. ಆದರೂ ಈಕೆ ಗುಜರಿಯ ಧೂಳಿನಲ್ಲಿ ಮಗಳಿಗಾಗಿ ಬರೆಯುವ ಮೇಜು ಹುಡುಕಿದ್ದಳು. ನನಗೆ ಅಂಥ ಒಬ್ಬರೂ ಇರಲಿಲ್ಲವಲ್ಲ ಎಂದು ಎದೆ ಉರಿಯಿತು. ನಾಚಿಕೆ ಬಂದದ್ದು ಆಮೇಲೆ, ನಿಧಾನಕ್ಕೆ.

ಅಷ್ಟರಲ್ಲಿ ದಸರಾ ಬಂತು. ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಮನೆಮನೆಗೆ ಹೋಗಿ ಕೊಡುತ್ತೇವೆ. ಆ ವರ್ಷದ ಮನಸ್ತಾಪವೆಲ್ಲ ಅಲ್ಲಿಗೆ ಮುಗಿಯಬೇಕು. ಹಿಂದಿನ ವರ್ಷ ಆಕೆಗೆ ಇದನ್ನು ಹೇಳಿಕೊಟ್ಟವಳು ನಾನೇ. ಹೆಸರಘಟ್ಟದಿಂದ ಓಡಾಡುವ ನಮ್ಮ ಕಚೇರಿಯವರೊಬ್ಬರು ಎಲೆ ತಂದುಕೊಟ್ಟಿದ್ದರು. ಹೊಸ ಸೀರೆ ಉಟ್ಟು ಎದುರಿನ ಬಾಗಿಲು ತಟ್ಟಿದೆ. ಬಾಯಿಬಿಟ್ಟು ಹೇಳುವುದನ್ನು ಈ ಎಲೆಯೇ ಹೇಳಲಿ ಎಂಬುದು ನನ್ನ ಲೆಕ್ಕ.

"ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಅಕ್ಕಾರ" ಅಂದೆ.

ಆಕೆ ಎಲೆ ತಗೊಂಡು ಅಂಗೈಯಲ್ಲೇ ನೋಡುತ್ತ ನಿಂತಳು. "ಓದ್ವರ್ಸ ನೀವೇ ಏಳಿದ್ರಿ, ಇದು ಕೊಟ್ರೆ ಜಗಳ ಎಲ್ಲಾ ಮುಗೀತದೆ ಅಂತ."

"ಹೌದ್ರಿ."

"ನಾವು ಜಗಳಾನೇ ಆಡಿಲ್ವಲ್ಲ ಮೇಡಮ್ಮೋರೆ. ಮುಗ್ಸಾಕೆ ಏನೈತೆ?"

ಇನ್ನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ನಿಮ್ಮ ಗುರುತು ಅಳಿಸಿದಾಕಿ ನಾನ ಅಂದೆ. ಗೊತ್ತು ಅಂದಳು. ಮೇಜು ಈಗಲೇ ತಂದು ಕೊಡುತ್ತೇನೆ ಅಂದೆ. ಬೇಡ ಅಂದಳು. ಹಾಗಾದರೆ ಮಗಳು ದಿನಾ ಸಂಜೆ ನಮ್ಮಲ್ಲೇ ಬಂದು ಅದರ ಮೇಲೆ ಓದಲಿ ಅಂದೆ. ಅದಕ್ಕೂ ತಲೆಯಾಡಿಸಿದಳು.

"ಆ ಮೇಜು ನಮ್ಮನೇಗೆ ಬಂದ್ರೆ ಎಂಗ್ ಬಂತು ಅಂತ ಮಗ್ಳು ಕೇಳ್ತಾಳೆ. ನಾನೇನ್ ಏಳ್ಲಿ? ಎದುರುಮನೆ ಆಂಟಿ ತರ ಓದ್ಬೇಕು ಅಂತ ದಿನಾ ಏಳ್ತಾ ಇವ್ನಿ ಅವ್ಳಿಗೆ." ಆಮೇಲೆ, "ಮೇಜು ನಿಮ್ತಾವೇ ಇರ್ಲಿ. ಇಂಗ್ಲಿಸು ಏಳ್ಕೊಡಿ. ನಮ್ಮನೇಗೆ ಬಂದು" ಅಂದಳು.

ಮಾರನೇ ವಾರದಿಂದ ಹೋಗತೊಡಗಿದೆ. ಕಚೇರಿಯಿಂದ ಬಂದು ಮುಖ ತೊಳೆದು, ಎದುರಿನ ಬಾಗಿಲು ದಾಟಿ, ಚಾಪೆಯ ಮೇಲೆ ಕೂರುತ್ತಿದ್ದೆ. ಯಾವ ಮನೆಯನ್ನು ಕದ್ದು ಕದ್ದು ನೋಡುತ್ತಿದ್ದೆನೋ ಅದರ ನಡುವೆ ದಿನಾ ಒಂದು ಗಂಟೆ ಕೂತು, ಎಲ್ಲವನ್ನೂ ನೋಡುತ್ತ, ಕ್ರಿಯಾಪದ ಹೇಳಿಕೊಡಬೇಕಾಗಿತ್ತು. ಹುಡುಗಿ ಚುರುಕು. ಎರಡನೇ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ಆಕೆ ಅಡುಗೆಮನೆಯಲ್ಲಿ ಸದ್ದು ಮಾಡದೆ ಕೆಲಸ ಮಾಡುತ್ತಿದ್ದಳು. ಪಾಠ ಮುಗಿದ ಮೇಲೆ ಕಾಫಿ ಕೊಡುತ್ತಿದ್ದಳು, ಮಾತು ಮಾತ್ರ ಅಳತೆ ಮಾಡಿದಷ್ಟೇ.

ದೀಪಾವಳಿಯ ಹೊತ್ತಿಗೆ ಆಕೆ ಗುಜರಿಯಿಂದ ಹಳೇ ಹೊಲಿಗೆ ಮೆಷಿನ್ನಿನ ಕಬ್ಬಿಣದ ಕಾಲು ತಂದಳು. ಮೆಷಿನ್ನು ಇಲ್ಲ, ಕಾಲು ಮಾತ್ರ. ಕೆಳಗೆ ತುಳಿಯುವ ಜಾಲರಿ ಪಟ್ಟಿ, ಪಕ್ಕದಲ್ಲಿ ಚಕ್ರ. ಅದರ ಮೇಲೆ ಬಂಗಲೆಯ ಬಾಗಿಲಿನ ಒಂದು ಹಲಗೆಯನ್ನು ಕೂರಿಸಿ, ಗಂಡನ ಕೈಯಲ್ಲಿ ಬೋಲ್ಟು ಹಾಕಿಸಿದಳು. ಬರೆಯುವಾಗ ಕೈ ನೆರಳು ಪುಸ್ತಕದ ಮೇಲೆ ಬೀಳಬಾರದೆಂದು ಬೆಳಕು ಎಡಗಡೆಯಿಂದ ಬರುವಂತೆ ಕಿಟಕಿಗೆ ಓರೆಯಾಗಿ ಇಟ್ಟಳು. ಇದನ್ನು ಆಕೆಗೆ ಯಾರು ಹೇಳಿಕೊಟ್ಟರು? ಹದಿನೈದು ವರ್ಷ ಓದಿದ ನನಗೆ ಹೊಳೆದಿರಲಿಲ್ಲ.

ಹುಡುಗಿ ಓದುತ್ತ ಓದುತ್ತ ಕೆಳಗಿನ ಪಟ್ಟಿಯನ್ನು ಮೆಲ್ಲಗೆ ತುಳಿಯುತ್ತಿದ್ದಳು. ಚಕ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಆಕೆ ಅಡುಗೆಮನೆಯ ಬಾಗಿಲಿಗೆ ಒರಗಿ, ಕೈ ಒರೆಸಿಕೊಳ್ಳುತ್ತ ನೋಡುತ್ತಿದ್ದಳು. ಮಗಳನ್ನೋ ಮೇಜನ್ನೋ ಹೇಳಲಾರೆ. ನಾನು ಚಾಪೆಯ ಮೇಲಿಂದ ಇಬ್ಬರನ್ನೂ ನೋಡುತ್ತಿದ್ದೆ. ನನ್ನ ಬೀಟೆ ಮರದ ಮೇಜು ಇದರ ಮುಂದೆ ಏನೂ ಅಲ್ಲ ಅನ್ನಿಸಿ, ಹೊಟ್ಟೆಯೊಳಗೆ ಮತ್ತೆ ಅದೇ ಕಿಚ್ಚು ಎದ್ದಿತು. ಪುಟ ತಿರುಗಿಸು, ಮುಂದಿನದು ಓದು ಅಂದೆ.