ಮುಳುಗಿದ ಓಣಿಯ ಊಟಕ್ಕೆ

ಉಗಾದಿ ಮುಗಿದ ಮೊದಲ ರವಿವಾರ ಬೆಳಿಗ್ಗೆ ಏಳಕ್ಕೆ ಇಳಕಲ್ಲಿನಲ್ಲಿ ಬಾಗಲಕೋಟೆಯ ಬಸ್ಸು ಹತ್ತಿದೆ. ಪ್ರತಿ ವರ್ಷ ಈ ದಿನ, ಇಳಕಲ್ಲಿನಲ್ಲಿ ನನ್ನ ಜೊತೆಗೇ ಇದ್ದ ಅವ್ವ ಹೋಗುತ್ತಿದ್ದಳು. ಅವಳು ತೀರಿಕೊಂಡು ಐದು ತಿಂಗಳಾಗಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ಕಾರ್ಡ್ ನೋಡಿ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ.

“ಲಗ್ನಕ್ಕೇನ್ರಿ ಅಕ್ಕಾರ?”

“ಇಲ್ರಿ, ಊಟಕ್ಕ.”

“ಊಟಕ್ಕ ಬಾಗಲಕೋಟಿ ತನಕಾ? ಇಳಕಲ್ಲಾಗ ರೊಟ್ಟಿ ತೀರ್ಯಾವೇನ್ರಿ?”

ಪಕ್ಕದವರು ನಕ್ಕರು. ನಾನೂ ನಕ್ಕೆ.

ಹುನಗುಂದದಲ್ಲಿ ಚಹಾ ಕುಡಿಯುವಷ್ಟು ಹೊತ್ತು ಬಸ್ಸು ನಿಂತಿತು. ಅಮೀನಗಡ ದಾಟುವಷ್ಟರಲ್ಲಿ ಕಿಟಕಿಯ ಗಾಳಿ ಬಿಸಿಯಾಗಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಒಂದೇ ಮಾತನ್ನು ಜೋಡಿಸುತ್ತಿದ್ದೆ: ಇನ್ನು ನಮ್ಮ ಮನೆಯ ಎಲೆ ಹಾಕಬೇಡಿ.

ಬಾಗಲಕೋಟೆಯ ಹಳೆಯ ಊರಿನಲ್ಲಿದ್ದ ನಮ್ಮ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ನಾನು ಚಿಕ್ಕವಳು. ಓಣಿಯವರು ನವನಗರ, ವಿದ್ಯಾಗಿರಿ, ಬಾದಾಮಿ ಎಂದು ಚದುರಿಹೋದರು. ಆಗ ತುದಿಮನೆಯ ನೀಲವ್ವ ಅತ್ತೆ ಮತ್ತು ಅವರ ಗಂಡ ಒಂದು ಪದ್ಧತಿ ಹಾಕಿದರು. ವರ್ಷಕ್ಕೊಮ್ಮೆ ಎಲ್ಲರನ್ನೂ ತಮ್ಮ ನವನಗರದ ಮನೆಗೆ ಕರೆದು, ಓಣಿಯಲ್ಲಿ ಮನೆಗಳು ಹೇಗಿದ್ದವೋ ಅದೇ ಸಾಲಿನಲ್ಲಿ ಊಟಕ್ಕೆ ಕೂಡಿಸುವುದು. ಗಂಡ ಹೋದ ಮೇಲೂ ಅತ್ತೆ ನಿಲ್ಲಿಸಲಿಲ್ಲ. ಈಗ ಸೊಸೆ ಗಿರಿಜಾಗೂ ಆ ಸಾಲು ಬಾಯಿಪಾಠ.

ಅತ್ತೆಯ ಮನೆಯ ಮಾಳಿಗೆಯ ಮೇಲೆ ಶಾಮಿಯಾನ ಹಾಕಿತ್ತು. ಎದುರುಬದುರು ಎರಡು ಸಾಲು, ನಡುವೆ ಓಣಿ. ನಾನು ಈ ಊಟಕ್ಕೆ ಬಂದದ್ದು ಇದೇ ಮೊದಲು. ಎಡಸಾಲಿನಲ್ಲಿ ಖಾಲಿ ಜಾಗ ಕಂಡಿತು, ಕುಳಿತೆ.

“ಯವ್ವಾ, ಏಳು. ಬಾವ್ಯಾಗ ಕುಂತೀದಿ,” ಎಂದರು ನೀಲವ್ವ ಅತ್ತೆ.

ಎದುರು ಸಾಲಿನ ಮುದುಕರೊಬ್ಬರು, “ಹಗ್ಗಾ ತರ್ರೆಪಾ, ಶಾಂತವ್ವನ ಮಗಳು ಬಿದ್ದಾಳ,” ಎಂದರು. ಓಣಿಗೆ ಓಣಿಯೇ ನಕ್ಕಿತು.

ಗಿರಿಜಾ ಕೈಹಿಡಿದು ಎಬ್ಬಿಸಿದಳು. “ಓಣಿ ಬಾವಿ ಇತ್ತಲ್ರಿ ಅಕ್ಕಾ, ಇಲ್ಲೆ ಯಾರನ್ನೂ ಕುಂಡ್ರಸೂದಿಲ್ಲ. ನಿಮ್ಮನಿ ಅದರ ಆಚಿಗೆ.”

ಆಚೆ ನಮ್ಮ ಎಲೆ ಹಾಕಿತ್ತು, ನೀರೂ ಇಟ್ಟಿತ್ತು. ಬರುತ್ತೇನೆಂದು ನಾನು ಯಾರಿಗೂ ತಿಳಿಸಿರಲಿಲ್ಲ. ಅದನ್ನು ನೋಡಿದ ಮೇಲೆ ಮಾತು ಇನ್ನೂ ಕಷ್ಟವಾಯಿತು. ಆದರೂ ಹೇಳಿದೆ. “ಅತ್ತಿ, ನಮ್ಮನ್ಯಾಗ ಇನ್ನ ಯಾರೂ ಉಳದಿಲ್ಲ. ನಾ ಬ್ಯಾರೆ ಮನಿಗೆ ಕೊಟ್ಟ ಮಗಳು. ಮುಂದಿನ ವರ್ಷದಿಂದ ಈ ಎಲಿ...”

“ಹಸದ ಹೊಟ್ಟೀಲೆ ಅಂಥಾ ಮಾತು ಆಡಬಾರದು. ಮೊದಲ ಉಣ್ಣು.”

ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗೋಧಿ ಹುಗ್ಗಿ ಬಂದವು. ಅರ್ಧ ಊಟದಲ್ಲಿ ಪಕ್ಕದ ಮನೆಯ ಕಾಶೀಬಾಯಿ ಒಂದು ಸ್ಟೀಲ್ ಡಬ್ಬಿಯನ್ನು ಭುಜದೆತ್ತರಕ್ಕೆ ಎತ್ತಿ ನನ್ನ ಕಡೆ ಚಾಚಿದರು. ಸುಮ್ಮನೆ ಸರಿಸಿದ್ದರೂ ಸಾಕಿತ್ತು, ನಮ್ಮ ನಡುವೆ ಒಂದು ಮೊಳವೂ ಇರಲಿಲ್ಲ.

“ಗ್ವಾಡಿ ಮ್ಯಾಲಿಂದ ಹಿಡಿಯವ್ವ. ನಮ್ಮ ಹಿತ್ತಲ ಗ್ವಾಡಿ ಇಷ್ಟ ಎತ್ತರ ಇತ್ತು.”

ಒಳಗೆ ಶೇಂಗಾ ಹೋಳಿಗೆ. ಮುಚ್ಚಳದ ಮೇಲೆ ಕೊರೆಸಿದ ಹೆಸರು ಅವ್ವನದು.

“ಹ್ವಾದ ವರ್ಷ ಇದರಾಗ ಕೆಂಪು ಮೆಣಸಿನಕಾಯಿ ರಂಜಕ ತುಂಬಿ ಕೊಟ್ಟಿದ್ಲು. ನನ್ನ ಡಬ್ಬಿ ನಿಮ್ಮನ್ಯಾಗ ಐತಿ. ಬರೇ ಡಬ್ಬಿ ತರಬ್ಯಾಡ ಮತ್ತ. ನಿಮ್ಮವ್ವ ಎಂದೂ ಬರೇ ಡಬ್ಬಿ ಕೊಟ್ಟಾಕಿ ಅಲ್ಲ.”

ಪ್ರತಿ ಉಗಾದಿಗೆ ಅವ್ವ ರಂಜಕ ಕುಟ್ಟುತ್ತಿದ್ದದ್ದು ಯಾರಿಗೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡೆ.

ನೀಲವ್ವ ಅತ್ತೆ ಮಜ್ಜಿಗೆ ಹಿಡಿದು ಬಂದರು. “ಏನೋ ಹೇಳಾಕತ್ತಿದ್ದಿ. ಈಗ ಹೇಳು.”

ಲೋಟ ಮುಂದೆ ಹಿಡಿದೆ. “ಮಜ್ಜಿಗಿ ಹಾಕ್ರಿ ಅತ್ತಿ.”

ಮೂರು ಗಂಟೆಯ ಬಸ್ಸಿಗೆ ಹೊರಟೆ. ಗಿರಿಜಾ ಕೆಳಗಿನವರೆಗೂ ಬಂದು ಬೀಳ್ಕೊಟ್ಟಳು. ಮಾಳಿಗೆಯ ಮೇಲೆ ಆಗಲೇ ಜಮಖಾನೆ ಸುತ್ತುತ್ತಿದ್ದರು. ಇನ್ನೊಂದು ವರ್ಷ ಆ ಓಣಿ ಅತ್ತೆ ಸೊಸೆಯರ ನೆನಪಿನಲ್ಲಿ ಇರಬೇಕು.

ಇಳಕಲ್ಲು ಮುಟ್ಟಿದವಳು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಹುಡುಕಿದೆ. ಕಾಶೀಬಾಯಿಯ ಹೆಸರಿನ ಡಬ್ಬಿ ಅಲ್ಲೇ ಹಿಂದೆ ಇತ್ತು. ತೊಳೆದು, ಒರೆಸಿ, ಕೈಗೆ ಸಿಗುವ ಕಡೆ ಇಟ್ಟೆ.