ಮಾನ್ಯ ಅಧ್ಯಕ್ಷರ ಮೂರು ಮೋಟಾರು

ಈ ಭೂಮಂಡಲದ ಮುಂದಿನ ನೂರು ವರ್ಷಗಳ ಭವಿಷ್ಯ ಪ್ರಾಥಮಿಕ ಶಾಲೆಯ ಶಿಕ್ಷಕರ ಕೈಯಲ್ಲಿದೆ. ಈ ಮಾತನ್ನು ನಾನು ಶಹಾಪುರದ ಒಂದು ತರಬೇತಿ ಕೋಣೆಯಲ್ಲಿ ಎದ್ದು ನಿಂತು ಗಂಭೀರವಾಗಿ ಓದಿದಾಗ ಶಿಕ್ಷಕರ ಕೈಯಲ್ಲಿ ಇದ್ದದ್ದು ಮಂಡಕ್ಕಿಯ ಸುಸಲಾ ತುಂಬಿದ ಕಾಗದದ ತಟ್ಟೆ, ಅದರ ಅಂಚಿಗೆ ಎರಡು ಮಿರ್ಚಿ. ಭೂಮಂಡಲ ಸ್ವಲ್ಪ ಹೊತ್ತು ಕಾಯಬೇಕಾಯಿತು.

ನಾನು ಪ್ರೌಢಶಾಲೆಯ ಗಣಿತದ ಮಾಸ್ತರ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸುಸ್ಥಿರ ಅಭಿವೃದ್ಧಿಯನ್ನು ತರಗತಿಯೊಳಗೆ ತರುವುದು ಹೇಗೆ ಎಂದು ಶಹಾಪುರ, ಸುರಪುರ ಎರಡೂ ತಾಲ್ಲೂಕಿನ ಶಿಕ್ಷಕರಿಗೆ ಕಲಿಸಲು ನನ್ನನ್ನು ಸಂಪನ್ಮೂಲ ವ್ಯಕ್ತಿಯಾಗಿ ಆರಿಸಿದ್ದರು. ನನಗಿಂತ ಮೊದಲು ಆಯ್ಕೆಯಾಗಿದ್ದ ಇಬ್ಬರಿಗೆ ಒಂದೇ ವಾರದಲ್ಲಿ, ಒಂದೇ ವೈದ್ಯರ ಚೀಟಿಯ ಪ್ರಕಾರ, ಬೆನ್ನುನೋವು ಬಂದಿತ್ತು. ನನ್ನ ಬೆನ್ನು ಆ ವಯಸ್ಸಿನಲ್ಲೂ ನೆಟ್ಟಗಿತ್ತು. ಅದೇ ನನ್ನ ಅರ್ಹತೆ.

ನಮ್ಮ ತರಬೇತಿಗಳು ನಾರಾಯಣಪುರದ ಕಾಲುವೆಯ ಸಂಪ್ರದಾಯದವು. ಮೇಲೆಲ್ಲೋ ದಂಡೆ ತುಂಬಿ ಹೊರಡುತ್ತವೆ. ಯಾದಗಿರಿಗೆ ಬರುವಷ್ಟರಲ್ಲಿ ಐದು ದಿನದ್ದು ಮೂರು ದಿನವಾಗುತ್ತದೆ, ಶಹಾಪುರಕ್ಕೆ ಎರಡು ದಿನ. ಸುರಪುರದ ಆಚೆಯ ಹಳ್ಳಿಯ ತರಗತಿಗೆ ಮುಟ್ಟುವಾಗ ಉಳಿದಿರುವುದು ಬರೀ ತೇವ. ಯಾದಗಿರಿಯಲ್ಲಿ ಮೂರು ದಿನ ಕೂತು ಕೇಳಿದ್ದನ್ನು ಎರಡು ದಿನದಲ್ಲಿ ಹೇಳಿ ಮುಗಿಸುವುದು ನನ್ನ ಕೆಲಸ. ಒಂದು ದಿನದಷ್ಟು ವಿಷಯ ಎಲ್ಲಿ ಇಂಗಿತು ಎಂದು ಯಾರೂ ಕೇಳಲಿಲ್ಲ.

"ಸರ, ಪರಿಸರ ಉಳಿಸ್ರಿ ಅಂತ ಗ್ವಾಡಿಗೆ ಬರಸೀವಿ, ಸಸಿ ಹಚ್ಚೀವಿ, ಫೋಟೋ ಕಳಿಸೀವಿ. ಇನ್ನೇನ್ ಉಳದದ್ರಿ?" ಎಂದು ಹಿಂದಿನ ಸಾಲಿನ ಒಬ್ಬ ಮಾಸ್ತರರು ಕೇಳಿದರು.

"ಸಸಿ ಉಳದಾವೇನ್ರಿ?"

"ಫೋಟೋ ಉಳದಾವ್ರಿ."

ಕೈಪಿಡಿಯ ಮೊದಲ ಚಟುವಟಿಕೆ ಹೀಗಿತ್ತು: 'ಸ್ನಾನದ ಮನೆಯ ಶವರಿನಿಂದ ಒಂದು ನಿಮಿಷಕ್ಕೆ ಎಷ್ಟು ನೀರು ವ್ಯರ್ಥವಾಗುತ್ತದೆ ಎಂದು ಮಕ್ಕಳಿಂದ ಅಳೆಸಿರಿ.' ಇದನ್ನು ಓದಿದ ಮೇಲೆ ಕೋಣೆಯಲ್ಲಿ ಒಂದು ಬಗೆಯ ಶೋಕ ಹರಡಿತು. ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಶಿಕ್ಷಕಿ ಎದ್ದು ನಿಂತರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಸುರಪುರದಲ್ಲಿ ಮನೆ, ಅಲ್ಲಿಂದ ದಿನಾ ಆಟೋ ಹಿಡಿದು ಹೋಗುವ ದೂರದ ಹಳ್ಳಿಯಲ್ಲಿ ಶಾಲೆ. ಎರಡು ದಿನವೂ ನಾನು ಹೇಳಿದ್ದನ್ನು ಬರೆದುಕೊಂಡ ಏಕೈಕ ವ್ಯಕ್ತಿ. ನಾನೇ ಬರೆದುಕೊಂಡಿರಲಿಲ್ಲ.

"ನಮ್ಮೂರಾಗ ಶವರ್ ಇಲ್ರಿ ಸರ. ಕಾಲುವಿ ಅದ. ಅದನ್ನ ನೋಡಿ ಲೆಕ್ಕ ಮಾಡಿಸಿದ್ರ ನಡೀತದೇನ್ರಿ?"

ನಡೆಯುತ್ತದೆ ಎಂದೆ. ಅಷ್ಟಕ್ಕೇ ಸುಮ್ಮನಾಗಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನ ನಾಲಗೆ ಸುಮ್ಮನಿರುವುದಿಲ್ಲ. 'ಉತ್ತರ ಹನ್ನೆರಡು' ಎಂದು ಬರೆದ ಹುಡುಗನಿಗೆ 'ಹನ್ನೆರಡು ಏನು? ಕುರಿಯೋ, ಕಿಲೋಮೀಟರೋ?' ಎಂದು ಕೇಳಿ ಅರ್ಧ ಅಂಕ ಕಡಿಯುವುದು ನನ್ನ ಜೀವಮಾನದ ಅಭ್ಯಾಸ. ಅದೇ ಗತ್ತಿನಲ್ಲಿ ಹೇಳಿದೆ: "ನೋಡವ್ವ, ಕಾಲುವಿಗೆ ನೀರೆತ್ತಾಕ ಇಷ್ಟು ಮೋಟಾರ್ ಹಚ್ಯಾರ ಅಂದ್ರ ಅರ್ಧ ಉತ್ತರ. ಎಲ್ಲಿ ಅದ, ಯಾರದದ, ಎರಡೂ ಬರಸು. ಹೆಸರಿಲ್ಲದ ಲೆಕ್ಕ ಲೆಕ್ಕಲ್ಲ."

ಆಕೆ ಅದನ್ನೂ ಬರೆದುಕೊಂಡರು. ಅಡಿಗೆರೆ ಹಾಕಿದ್ದನ್ನು ನಾನು ನೋಡಿದೆ, ನೋಡಿ ಹಿಗ್ಗಿದೆ.

ದೀಪಾವಳಿ ಮುಗಿದು ಎರಡು ವಾರಕ್ಕೆ ಆ ಟೀಚರಿಂದ ನನ್ನ ಫೋನಿಗೆ ಒಂದು ಚಿತ್ರ ಬಂತು. ಐದನೆಯ ತರಗತಿಯ ಮಕ್ಕಳು ಒಂದು ಶನಿವಾರ ಬೆಳಿಗ್ಗೆ ಟೀಚರ ಜೊತೆ ಕಾಲುವೆಯ ದಂಡೆಯ ಮೇಲೆ ಮೂರು ಕಿಲೋಮೀಟರು ನಡೆದು ಮಾಡಿದ ಚಾರ್ಟು. ಕಾಲುವೆ ನೀಲಿ. ಕಾಲುವೆಗೆ ಹಚ್ಚಿದ ಮೋಟಾರುಗಳು ಕೆಂಪು ಚುಕ್ಕೆ, ಒಟ್ಟು ಹತ್ತೊಂಬತ್ತು. ಕೊನೆಯಲ್ಲಿ ನೀಲಿ ಬಣ್ಣ ತೆಳುವಾಗುತ್ತಾ ಹೋಗಿ ಬರೀ ಪೆನ್ಸಿಲ್ ಗೆರೆಯಾಗಿತ್ತು. ಅಲ್ಲಿ 'ನಮ್ಮ ಹೊಲಗಳು' ಎಂದು ಬರೆದಿದ್ದರು. ಕಾಲುವೆಗೆ ಮೋಟಾರು ಹಚ್ಚಿ ನೀರೆತ್ತುವುದು ನಿಷಿದ್ಧ. ಇದು ಊರಿಗೆಲ್ಲ ಗೊತ್ತು, ಮೋಟಾರಿಗೂ ಗೊತ್ತು. ಪ್ರತಿ ಚುಕ್ಕೆಯ ಪಕ್ಕ ಮಾಲೀಕರ ಹೆಸರು ದುಂಡಗೆ ಬರೆದಿತ್ತು. ಮೂರು ಕಡೆ ಮಾತ್ರ ಹೆಸರಿರಲಿಲ್ಲ. ದೊಡ್ಡವರ ಹೆಸರು ಹಿಡಿಯಬಾರದೆಂಬ ಸಂಸ್ಕಾರವುಳ್ಳ ಮಕ್ಕಳು ಅಲ್ಲಿ 'ಮಾನ್ಯ ಅಧ್ಯಕ್ಷರ ಮೋಟಾರು ೧', 'ಮಾನ್ಯ ಅಧ್ಯಕ್ಷರ ಮೋಟಾರು ೨', 'ಮಾನ್ಯ ಅಧ್ಯಕ್ಷರ ಮೋಟಾರು ೩' ಎಂದು ಬರೆದಿದ್ದರು.

ನಾನು ಆ ಅಕ್ಷರಗಳನ್ನು ನೋಡಿದೆ, ಅಂತರವನ್ನು ಹೆಜ್ಜೆಯಲ್ಲಿ ಅಳೆದು ಪ್ರಮಾಣಕ್ಕೆ ಇಳಿಸಿದ್ದನ್ನು ನೋಡಿದೆ. ಅಧ್ಯಕ್ಷರನ್ನು ನೋಡಲಿಲ್ಲ. 'ಶಹಬ್ಬಾಸ್. ಎಲ್ಲರ ಕಣ್ಣಿಗೆ ಬೀಳುವ ಹಾಗೆ ಪಡಸಾಲೆಯಲ್ಲಿ ಹಚ್ಚಿರಿ' ಎಂದು ಉತ್ತರ ಬರೆದೆ.

ಎಲ್ಲರ ಕಣ್ಣಿಗೂ ಬಿತ್ತು. ಮುಂದಿನ ವಾರ ಪಾಲಕರ ಸಭೆ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು, ಅಂದರೆ ಆ ಊರಿನ ಗೌಡರು, ಕೈಯಲ್ಲಿ ಚಹದ ಕಪ್ಪು ಹಿಡಿದುಕೊಂಡು ಚಾರ್ಟನ್ನು ಮೇಲಿನಿಂದ ಕೆಳಗಿನವರೆಗೆ ಓದಿದರಂತೆ. "ಅಕ್ಷರ ಛಲೋ ಅದಾವ" ಎಂದು ಹೇಳಿ, ಚಹ ಮುಗಿಸಿ, ಎಲ್ಲರಿಗೂ ಕೈಮುಗಿದು ಹೋದರಂತೆ. ಮರುದಿನ ಶಾಲೆಯ ನಳದಲ್ಲಿ ನೀರು ಬರಲಿಲ್ಲ.

ಆ ಶಾಲೆಗೆ ನೀರು ಬರುತ್ತಿದ್ದುದು ಗೌಡರ ಬೋರಿನಿಂದ. ಪಂಚಾಯಿತಿಯ ಪೈಪು ಶಾಲೆಯ ಗೋಡೆಯವರೆಗೆ ಬಂದಿತ್ತು, ಅದಕ್ಕೊಂದು ಹೊಸ ನಳವೂ ಇತ್ತು, ನೀರಷ್ಟೇ ಬಾಕಿ. ಹಾಗಾಗಿ ಗೌಡರು ಆರು ವರ್ಷದಿಂದ ತಮ್ಮ ದನದ ಕೊಟ್ಟಿಗೆಯ ಪಕ್ಕದ ಬೋರಿನಿಂದ ಶಾಲೆಗೆ ಪೈಪು ಎಳೆಸಿ ಧರ್ಮಕ್ಕೆ ನೀರು ಕೊಡುತ್ತಿದ್ದರು. ಕುಡಿಯಲು ಅದೇ, ಬಿಸಿಯೂಟಕ್ಕೆ ಅದೇ. ಅದು ಬಿಟ್ಟರೆ ಇದ್ದದ್ದು ಊರ ಹೊರಗಿನ ಒಂದು ಕೈಪಂಪು. ಅದರ ನೀರು ಉಪ್ಪುಪ್ಪು, ಸವಳು.

ಟೀಚರ ಫೋನು ಬಂತು. ದನಿಯಲ್ಲಿ ದೂರು ಇರಲಿಲ್ಲ, ಅದೇ ಕಷ್ಟ.

"ಸರ, ಕೈಪಿಡಿಯೊಳಗ ಇದರ ಮುಂದಿನ ಪಾಠ ಏನದ್ರಿ?"

ನೋಡಿ ಹೇಳುತ್ತೇನೆ ಎಂದೆ. ನೋಡಿದೆ. 'ಸವಾಲುಗಳು ಎದುರಾದಾಗ' ಎಂಬ ಅಧ್ಯಾಯವೇ ಇತ್ತು, ಅರ್ಧ ಪುಟ. 'ಸ್ಥಳೀಯ ಮುಖಂಡರ ಸಹಕಾರ ಪಡೆಯಿರಿ' ಎಂದಿತ್ತು.

ಸಹಕಾರ ಪಡೆಯಲು ನಾನೇ ಹೊರಟೆ. ಶಹಾಪುರದಿಂದ ಸುರಪುರಕ್ಕೆ ಬಸ್ಸು, ಅಲ್ಲಿಂದ ಆಟೋ. ಮೊದಲು ಶಾಲೆಗೆ ಹೋದೆ. ಅಡುಗೆಯಾಕೆ ಒಲೆಯ ಮುಂದೆ ಕೂತಿದ್ದರು. ಎರಡು ತಾಸಿನಿಂದ ಬೇಳೆ ಕುದಿಯುತ್ತಿತ್ತು, ಕಾಳು ಕಾಳಾಗಿಯೇ ಇತ್ತು. ಸವಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ನನಗೂ ಗೊತ್ತಿದ್ದ ವಿಜ್ಞಾನ. ಟೀಚರು ನನ್ನ ಪರಿಚಯ ಹೇಳಿದರು. ಅಡುಗೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಚಾರ್ಟ್ ಹಚ್ಚಂದ ಮಾಸ್ತರ್ ಇವರೇನು? ಬರ್ರಿ ಯಪ್ಪಾ. ಬ್ಯಾಳಿ ಅಂತೂ ಬೇಯಂಗಿಲ್ಲ. ನಿಮ್ಮ ಚಾರ್ಟರೆ ಕುದಿಸಿ ನೀಡ್ಲೇನು ಹುಡುಗ್ರಿಗೆ?"

ಸಂಪನ್ಮೂಲ ವ್ಯಕ್ತಿಯ ಬಳಿ ಸಂಪನ್ಮೂಲ ಯಾವುದೂ ಇರಲಿಲ್ಲ. ಗೌಡರ ಮನೆಗೆ ನಡೆದೆ.

"ಬರ್ರಿ ಮಾಸ್ತರ, ಬರ್ರಿ. ಕುಂದರ್ರಿ. ಏ, ಚಾ ತರ್ರಿ ಮಾಸ್ತರಿಗೆ! ಬಿಸಲಾಗ ಬಂದಾರ." ಗೌಡರು ಎದ್ದು ನಿಂತು ಕುರ್ಚಿ ಸರಿಸಿದರು. ಬೈದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

"ಗೌಡ್ರ, ಸಾಲಿಗೆ ನೀರು..."

"ಮೋಟಾರ್ ಸುಟ್ಟದ್ರಿ. ಮಕ್ಕಳಿಗೆ ತ್ರಾಸ ಆಗಾಕತ್ತದ ಅಂತ ನನಗೂ ಭಾಳ ಬ್ಯಾಸರ."

ಕೊಟ್ಟಿಗೆಯ ಹಿಂದೆ ಮೋಟಾರು ಗುಂಯ್ ಎನ್ನುತ್ತಿತ್ತು. ದನದ ತೊಟ್ಟಿಗೆ ನೀರು ಧೋ ಎಂದು ಬೀಳುತ್ತಿತ್ತು.

"ಅದು?" ಎಂದೆ.

"ಅದು ದನದ್ರಿ. ಸಾಲೀದು ಸುಟ್ಟದ."

"ಬೋರ್ ಒಂದೇ ಅಲ್ಲೇನ್ರಿ ಗೌಡ್ರ?"

"ಬೋರ್ ಒಂದೇ. ನೀರಿನ ಮನಸು ಬ್ಯಾರೆ ಬ್ಯಾರೆ ಇರ್ತದ ಮಾಸ್ತರ."

ಚಹ ಬಂತು. ಚಹ ರುಚಿಯಾಗಿತ್ತು, ನೀರು ಸಿಹಿ.

"ಮಕ್ಕಳ ಮ್ಯಾಲ ನನಗ ಸಿಟ್ಟಿಲ್ಲ," ಎಂದರು ಗೌಡರು. "ನನ್ನ ಮೊಮ್ಮಗಳೂ ಅದೇ ಕ್ಲಾಸಿನ್ಯಾಗ ಅದಾಳ. ಆ ಮೂರನೇ ಮೋಟಾರ್ ಹುಲ್ಲಾಗ ಮುಚ್ಚಿತ್ತು, ಯಾರಿಗೂ ಕಾಣಂಗಿಲ್ಲ. ಆಕೀನೇ ತೋರಿಸ್ಯಾಳಂತ. 'ಮುತ್ಯಾಂದು ಇನ್ನೊಂದು ಇಲ್ಲಿ ಅದ' ಅಂತ." ಅವರ ಮುಖದಲ್ಲಿ ಅಭಿಮಾನವೂ ಇತ್ತು. "ಟೀಚರ್ ಮ್ಯಾಲೂ ಸಿಟ್ಟಿಲ್ಲ. ಆದ್ರ ನೀವೇ ಹೇಳ್ರಿ, ನೀರ ಕೊಡಾಂವನ ಇಜ್ಜತ್ ತಗದು ಗ್ವಾಡಿಗೆ ಹಚ್ಚಿದ್ರ ಹೆಂಗ? ಉಳದ ಹದಿನಾರ ಮಂದಿ 'ನಮ್ಮ ಹೆಸರು ಯಾವಾಗ ಇಳಸ್ತೀರಿ' ಅಂತ ದಿನಾ ಬಂದು ನನ್ನ ಕೇಳಾಕತ್ತಾರ. ಆ ಕಾಗದ ಇಳೀಲಿ. ಮೋಟಾರ್ ತಾನೇ ರಿಪೇರಿ ಆಗ್ತದ."

ನನ್ನ ವಾದಗಳನ್ನೆಲ್ಲ ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ಅವುಗಳಲ್ಲಿ ಒಂದೂ ನೆನಪಾಗಲಿಲ್ಲ. ನೆನಪಾಗಿದ್ದರೂ ಅವರ ಚಹ ನನ್ನ ಹೊಟ್ಟೆಯಲ್ಲಿತ್ತು.

ಶಾಲೆಗೆ ಹಿಂದಿರುಗಿ ಟೀಚರಿಗೆ ಶರತ್ತು ತಿಳಿಸಿದೆ. ಆಕೆ ಚಾರ್ಟಿನ ಕಡೆ ನೋಡಿದರು.

"ಸುಳ್ಳಿದ್ರ ಈಗ ಹರೀತೀನ್ರಿ ಸರ. ಖರೇ ಅದ. ಮಕ್ಕಳ ಮುಂದ ಹೆಂಗ ಹರೀಲಿ? ನಾಳಿಂದ ನಾ ಏನ್ ಹೇಳಿದ್ರೂ ಕೇಳ್ತಾರೇನ್ರಿ ಅವರು?"

"ಮತ್ತ ನೀರು?"

"ಅದೇ ನಿಮಗ ಕೇಳಾಕತ್ತೀನ್ರಿ."

ನನ್ನನ್ನು ಕೇಳಿದರೆ ನಾನು ಯಾರನ್ನು ಕೇಳಲಿ? ಒಂದು ಕಚೇರಿಗೆ ಹೋದೆ. ಯಾವುದೆಂದು ಹೇಳುವುದಿಲ್ಲ, ಹೇಳದಿದ್ದರೂ ಎಲ್ಲ ಕಚೇರಿಗಳೂ ತಮ್ಮದೇ ಎಂದುಕೊಳ್ಳುತ್ತವೆ. ಅಲ್ಲಿನ ಗುಮಾಸ್ತರು ನನ್ನ ಫೋನಿನಲ್ಲಿದ್ದ ಚಾರ್ಟಿನ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು.

"ಸರ್ವೇ ಯಾರ್ ಮಾಡ್ಯಾರ್ರಿ ಇದನ್ನ?"

"ಐದನೇತ್ತದ ಮಕ್ಕಳು."

"ಹುಷಾರ್ ಅದಾವ. ಆದ್ರ ಸಣ್ಣ ಮಕ್ಕಳ ಸಹಿ ನಡಿಯಂಗಿಲ್ರಿ. ದೊಡ್ಡವರು ಯಾರರೆ ತಕರಾರು ಬರದು ಕೊಡ್ಬೇಕು. ನೀವು ಕೊಡ್ತೀರೇನು?"

ಕೊಟ್ಟರೆ ಏನಾಗುತ್ತದೆ ಎಂದು ಕೇಳಿದೆ. ಮೋಟಾರಿನ ವಿಚಾರಣೆ ಆಗುತ್ತದೆ, ಆರು ತಿಂಗಳೋ ವರ್ಷವೋ. ಶಾಲೆಯ ನೀರು? ಅದು ಅವರ ಬಾಬತ್ತಲ್ಲ, ಪಂಚಾಯಿತಿಯದು. ಪಂಚಾಯಿತಿಯನ್ನು ಕೇಳಿದೆ. ನಳ ಕೂಡಿಸಿದ್ದೇವಲ್ಲ ಎಂದರು. ತಕರಾರಿನ ಕಾಗದವನ್ನು ಬರೆದೆ, ಮಡಿಚಿದೆ, ಜೇಬಿನಲ್ಲಿಟ್ಟುಕೊಂಡು ಶಹಾಪುರಕ್ಕೆ ಬಂದೆ. ಅದನ್ನು ಕೊಡಲಿಲ್ಲ. ಕೊಟ್ಟರೆ ಆ ಬೋರಿನ ನೀರು ಶಾಲೆಯ ಕಡೆ ಮತ್ತೆ ತಿರುಗುವುದಿಲ್ಲ ಎಂಬಷ್ಟು ಲೆಕ್ಕ ನನಗೂ ಬರುತ್ತದೆ. ಹೆದರಿದೆ ಎಂದರೂ ತಪ್ಪಿಲ್ಲ.

ಅತ್ತ ಶಾಲೆಯಲ್ಲಿ ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತರಲು ಶುರುಮಾಡಿದರು. ಮಧ್ಯಾಹ್ನಕ್ಕೆ ಬಾಟಲಿ ಖಾಲಿ, ಆಮೇಲೆ ಸವಳೇ. ಕೆಲವರಿಗೆ ಹೊಟ್ಟೆ ಕೆಟ್ಟಿತು. ಊಟಕ್ಕೆ ಬೇಳೆ ನಿಂತು ಬರೀ ಚಿತ್ರಾನ್ನವಾಯಿತು. ಹಾಜರಿ ಇಳಿಯಿತು. ಟೀಚರು ದಿನಾ ಸಂಜೆ ನನಗೆ ಎರಡು ಸಾಲು ಬರೆಯುತ್ತಿದ್ದರು: 'ಇಂದು ಮೂವತ್ತೊಂದು ಮಕ್ಕಳು. ನೀರಿಲ್ಲ.' 'ಇಂದು ಇಪ್ಪತ್ತೇಳು ಮಕ್ಕಳು. ನೀರಿಲ್ಲ.' ಅಂಕಿಯ ಮುಂದೆ ಏನೆಂಬುದನ್ನು ಒಮ್ಮೆಯೂ ಬಿಡಲಿಲ್ಲ. ನಾನು ಪ್ರತಿ ಸಲವೂ 'ನೋಡೋಣ' ಎಂದು ಉತ್ತರಿಸುತ್ತಿದ್ದೆ. ಏನನ್ನು ಎಂದು ನನಗೇ ಗೊತ್ತಿರಲಿಲ್ಲ.

ನೀರು ನಿಂತ ಹದಿಮೂರನೆಯ ದಿನ ರಜೆ ಹಾಕಿ ಮತ್ತೆ ಹೋದೆ. ಟೀಚರು ಪಾಠದಲ್ಲಿದ್ದರು. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಚಾರ್ಟಿಗೆ ಹೊಡೆದಿದ್ದ ನಾಲ್ಕು ಮೊಳೆಗಳನ್ನು ಬೀಗದ ಕೈಯಿಂದ ಒಂದೊಂದಾಗಿ ಎಬ್ಬಿಸಿದೆ. ಹರಿಯಬಾರದು ಎಂಬುದಷ್ಟೇ ನನ್ನ ಕಾಳಜಿ. ದೇವರ ಪಟ ಇಳಿಸುವವನ ಹಾಗೆ ಎರಡೂ ಕೈಯಲ್ಲಿ ಹಿಡಿದು ಇಳಿಸಿದೆ. ಸುರುಳಿ ಸುತ್ತುವಾಗ ಹಿಂದೆ ಕಾಲಸಪ್ಪಳ. ನೀರಿನ ಬಾಟಲಿ ಹಿಡಿದ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

"ಸರ, ತಪ್ಪಾಗಿತ್ತೇನ್ರಿ?"

"ಇಲ್ಲವ್ವ. ಬರೋಬರಿ ಇತ್ತು."

"ಮತ್ಯಾಕ ತಗ್ಯಾಕತ್ತೀರಿ?"

ಮೂವತ್ತನಾಲ್ಕು ವರ್ಷದಲ್ಲಿ ನನಗೆ ಉತ್ತರ ಬಾರದ ಪ್ರಶ್ನೆಗಳನ್ನು ಮಕ್ಕಳು ಕೇಳಿದ್ದುಂಟು. 'ನಾಳೆ ಹೇಳ್ತೀನಿ ಕೂಡು' ಎಂದು ಕೂಡಿಸುವುದು ನಮ್ಮ ವೃತ್ತಿಯ ರಿವಾಜು. ಈ ಸಲ ಸುರುಳಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಅಷ್ಟರಲ್ಲಿ ಟೀಚರು ಹೊರಗೆ ಬಂದರು. ಖಾಲಿ ಗೋಡೆ ನೋಡಿದರು, ನನ್ನ ಕಂಕುಳಿನ ಸುರುಳಿ ನೋಡಿದರು. ಕೈ ಚಾಚಿ ಸುರುಳಿಯನ್ನು ತೆಗೆದುಕೊಂಡು, ಹುಡುಗಿಯನ್ನು ಒಳಗೆ ಕರೆದುಕೊಂಡು ಹೋದರು.

ಗೌಡರ ಮನೆಗೆ ಹೇಳಿಕಳಿಸಬೇಕಾದ ಅಗತ್ಯ ಬೀಳಲಿಲ್ಲ. ಅಂದು ಮಧ್ಯಾಹ್ನ ಮೂರಕ್ಕೆ ಶಾಲೆಯ ನಳದಲ್ಲಿ ನೀರು ಬಂತು.