ಗಂಜಿ ಹಚ್ಚಿದ ರೆಕ್ಕೆ

ಪೇಂಟರ್ ಡಬ್ಬಿಯ ಮುಚ್ಚಳ ಮೀಟಿ ತೆಗೆದಾಗ ನಾನು ಅಡುಗೆಮನೆಯಲ್ಲಿದ್ದೆ. ಅಗಸೆ ಎಣ್ಣೆ, ಟರ್ಪೆಂಟೈನ್ ಕೂಡಿದ ವಾಸನೆ ಅಲ್ಲಿಯವರೆಗೆ ಬಂತು. ಬಾಗಿಲಿಗೆ ಹಚ್ಚುವ ಸಾಧಾರಣ ಹಸಿರು ಬಣ್ಣ. ಆದರೆ ನನಗೆ ಅದು ವಿಮಾನದ ವಾಸನೆ. ಹಾಗೆಂದರೆ ಪೇಂಟರ್ ನಕ್ಕಾನು ಎಂದು ಸುಮ್ಮನಾದೆ. ಆವತ್ತಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ದಿನಚರಿ ತೆರೆಯುತ್ತೇನೆ, ಎರಡು ಸಾಲು ಬರೆಯುತ್ತೇನೆ, ಇದು ನಾನು ಕಂಡದ್ದೋ ಆಮೇಲೆ ಕೇಳಿದ್ದೋ ಎಂಬ ಅನುಮಾನ ಬಂದು ಹೊಡೆದು ಹಾಕುತ್ತೇನೆ. ಧಾರವಾಡದಲ್ಲಿ ಇತಿಹಾಸ ಓದಿದವಳು ನಾನು. ಒಬ್ಬರೇ ಸಾಕ್ಷಿ ಇರುವಲ್ಲಿ ನಂಬಬಾರದೆಂದು ಕಲಿತವಳು. ಈಗ ನಾನು ಹುಟ್ಟಿ ಬೆಳೆದ ಮನೆಗೆ ನಾನೊಬ್ಬಳೇ ಸಾಕ್ಷಿ. ನಿಮ್ಮ ಮನೆಯ ವಿಷಯದಲ್ಲಿ ನಿಮಗೂ ಹೀಗಾಗಿರಬಹುದು.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಸಂಸ್ಥಾನಗಳು ಹೋಗಿ ಮುಂಬಯಿ ರಾಜ್ಯ ಬಂದ ಕಾಲ. ಹಿಂದಿನ ಉದ್ದ ಕೋಣೆಯಲ್ಲಿ ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಒಂದರಲ್ಲಿ ಅಪ್ಪ, ಒಂದರಲ್ಲಿ ಅವ್ವ ನೇಯುತ್ತಿದ್ದರು. ಲಾಳಿಯ ಸದ್ದು ನಿಂತರೆ ನನಗೆ ನಿದ್ದೆಯಿಂದ ಎಚ್ಚರವಾಗುತ್ತಿತ್ತು. ನಸುಕಿನಲ್ಲಿ ಒಲೆಯ ಮೇಲೆ ಗಂಜಿ ಕುದಿಯುವ ಹುಳಿ ಹುಳಿ ವಾಸನೆ. ಮಗ್ಗಕ್ಕೆ ಏರಿಸುವ ಉದ್ದೆಳೆಗಳ ಹಾಸನ್ನು ಓಣಿಯ ಉದ್ದಕ್ಕೂ ಚಾಚಿ, ಎಳೆಗಳಿಗೆ ಆ ಗಂಜಿ ಹಚ್ಚಿ, ಬಿಗಿಯಾಗಲೆಂದು ದೊಡ್ಡ ಕುಂಚದಿಂದ ತೀಡುತ್ತಿದ್ದರು. ಅದಕ್ಕೆ ಮೊದಲು ಪ್ರತಿ ಮನೆಯಿಂದ ಒಬ್ಬರು ಹೊರಬಂದು ಮುಗಿಲು ನೋಡಲೇಬೇಕು. ಮೋಡವಿದ್ದರೆ ಗಂಜಿ ಆರುವುದಿಲ್ಲ, ಎಳೆ ಸಡಿಲಾಗುತ್ತದೆ, ಆ ದಿನ ಹಾಸು ಚಾಚುವಂತಿಲ್ಲ. ನಮ್ಮ ಮನೆಯಿಂದ ಮುಗಿಲು ನೋಡುತ್ತಿದ್ದವಳು ಅವ್ವ. ತಲೆಯ ಮೇಲಿನ ಸೆರಗನ್ನು ಒಂದು ಕೈಯಲ್ಲಿ ಹಿಡಿದು, ಕತ್ತೆತ್ತಿ, ಒಂದು ಗಳಿಗೆ. ಆಮೇಲೆ ಒಂದೇ ಮಾತು: ಹೂಂ, ಇಲ್ಲವೇ ಬ್ಯಾಡ.

ಯುದ್ಧದ ಕಾಲದಲ್ಲಿ ಅಪ್ಪ ಪುಣೆಯ ಕಡೆ ವಿಮಾನದ ನೆಲೆಯೊಂದರಲ್ಲಿ ಕೆಲಸಕ್ಕಿದ್ದ. ಆಗಿನ ಕೆಲವು ವಿಮಾನಗಳ ರೆಕ್ಕೆಯೆಂದರೆ ಕಟ್ಟಿಗೆಯ ಹಂದರ, ಅದರ ಮೇಲೆ ಎಳೆದು ಹೊಲಿದ ಬಟ್ಟೆ. ನೇಕಾರನೆಂದು ತಿಳಿದು ಅವನನ್ನು ಆ ಹೊಲಿಗೆಗೆ ಹಾಕಿದರಂತೆ. ಎಷ್ಟೋ ರೆಕ್ಕೆ ಹೊಲಿದ. ಒಮ್ಮೆಯೂ ಅವನನ್ನು ಮೇಲೆ ಕರೆದೊಯ್ಯಲಿಲ್ಲ. ಊರಿಗೆ ಮರಳಿದ ಮೇಲೆ ಅದೊಂದೇ ಹಂಬಲ: ತಾನು ಹೊಲಿದ ರೆಕ್ಕೆಯ ಮೇಲೆ, ಒಂದು ಹೊಲದಷ್ಟು ದೂರವಾದರೂ ಸರಿ, ನೆಲ ಬಿಟ್ಟು ಹೋಗಬೇಕು. ಬಿದಿರು, ಚಹಾ ಪೆಟ್ಟಿಗೆಯ ತೆಳು ಹಲಗೆ ಕೂಡಿಸಿ, ಎಂಜಿನ್ ಇಲ್ಲದ ವಿಮಾನವೊಂದನ್ನು ಮಗ್ಗದ ಕೋಣೆಯಲ್ಲಿ ಕಟ್ಟತೊಡಗಿದ. ಅದೇ ನೆಲೆಯಲ್ಲಿ ಅವನ ಗೆಳೆಯನಾಗಿದ್ದ ಜಮಖಂಡಿಯ ವಿಠ್ಠಲರಾವ್ ಹತ್ತಿರ ಮಿಲಿಟರಿಯವರು ಮಾರಿದ ಹಳೆಯ ಜೀಪಿತ್ತು. ಅದಕ್ಕೆ ಹಗ್ಗ ಕಟ್ಟಿ ವಿಮಾನವನ್ನು ಎಳೆಯುವುದೆಂದು ಮಾತಾಗಿತ್ತು. ಓಣಿಯವರು, ಮಾವನ ಮನೆಗೆ ಇನ್ನು ಹಾರಿಕೊಂಡೇ ಹೋಗುತ್ತಾನೆ, ಅಂಗಳದಾಗ ಅಡ್ಡಾಡೋರು ಹುಷಾರು ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಅಪ್ಪ ಬಿದ್ದು ಸಾಯುತ್ತಾನೆ ಎಂದು ನಾನು ನಂಬಿದ್ದೆ. ಅವ್ವನೂ ನಂಬಿದ್ದಳು ಅಂತ ಕಾಣುತ್ತದೆ, ಆದರೂ ಅವಳು ಬೇಡ ಎನ್ನಲೇ ಇಲ್ಲ. ಒಂದು ದಿನ ಮಗ್ಗದಿಂದ ಏಳದೆ ಇಷ್ಟೇ ಅಂದಳು:

"ಹಾರೂದು ಖರೇನ ಇದ್ರ, ಅದರ ಮ್ಯಾಲಿನ ಅರಬಿ ನಾನ ನೇಯ್ತೇನಿ. ಮಂದಿ ನೇದ ಅರಬಿ ಮ್ಯಾಲೆ ನಿಮ್ಮನ್ನ ಕಳಸೂದಿಲ್ಲ."

ವಿಮಾನದ ಬಟ್ಟೆಗೆ ಡೋಪ್ ಎಂಬುದನ್ನು ಬಳಿಯುತ್ತಾರೆ. ಬಾಳೆಹಣ್ಣಿನಂಥ ವಾಸನೆಯಂತೆ, ಒಣಗುತ್ತ ಒಣಗುತ್ತ ಬಟ್ಟೆಯನ್ನು ತಮಟೆಯಂತೆ ಬಿಗಿದುಬಿಡುತ್ತದಂತೆ. ಅದು ನಮ್ಮ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಪೇಟೆಯಲ್ಲಿ ಅಗ್ಗವಾಗಿ ಸಿಗುವುದು ಬಾಗಿಲು ಕಿಟಕಿಗೆ ಹಚ್ಚುವ ಬಣ್ಣ. ಅದು ಗಾಳಿ ತಡೆಯುತ್ತದೆ, ನೀರು ತಡೆಯುತ್ತದೆ, ಬಟ್ಟೆಯನ್ನು ಬಿಗಿಯುವುದಿಲ್ಲ. ಬಿಗಿಯಲು ಗಂಜಿ ಇದೆಯಲ್ಲ ಎಂದು ಮೊದಲು ಹೇಳಿದವರು ಯಾರು? ಇಲ್ಲಿ ನನ್ನ ನೆನಪು ಅತ್ತಿತ್ತ ತೂಗುತ್ತದೆ. ಆ ಮಾತು ಒಮ್ಮೆ ಅವ್ವನ ದನಿಯಲ್ಲಿ ಕೇಳುತ್ತದೆ, ಒಮ್ಮೆ ಅಪ್ಪನ ದನಿಯಲ್ಲಿ. ಯಾರೇ ಹೇಳಿರಲಿ, ನೇಕಾರರ ಮನೆಯಲ್ಲಿ ಅದಕ್ಕಿಂತ ಸಹಜವಾದ ಮಾತು ಇನ್ನೊಂದಿರಲಿಲ್ಲ. ಅಪ್ಪ ದಬ್ಬಣದಿಂದ ಬಟ್ಟೆಯನ್ನು ಹಂದರಕ್ಕೆ ಹೊಲಿದ. ಅವ್ವ ಹಾಸಿನ ಎಳೆ ತೀಡುವ ಕುಂಚದಿಂದಲೇ ರೆಕ್ಕೆಗೆ ಗಂಜಿ ಹಚ್ಚಿದಳು. ಬಿಸಿಲಿಗೆ ಆರಿದ ಮೇಲೆ ಅಪ್ಪ ಬೆರಳಿನಿಂದ ಹೊಡೆದ, ಢಂ ಎಂದಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಆ ನಗು ಮಾತ್ರ ನಾನು ಕಂಡದ್ದೇ, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಬಣ್ಣ. ಭಾರವಾದೀತೆಂದು ಅಪ್ಪ ಅದಕ್ಕೆ ಎಣ್ಣೆ ಹಾಕಿ ತೆಳುವಾಗಿಸಿ, ಹಳೆಯ ಪಂಚೆಯ ತುಂಡಿನಿಂದ ಒರೆಸಿದಂತೆ ಹಚ್ಚುತ್ತಿದ್ದ. ಎಷ್ಟೋ ದಿನ ನಮ್ಮ ರೊಟ್ಟಿಗೆ, ನಮ್ಮ ಕೂದಲಿಗೆ, ಅವ್ವ ನೇಯ್ದ ಸೀರೆಗಳಿಗೆ ಅದೇ ವಾಸನೆ.

ಜೋಳದ ಸುಗ್ಗಿ ಮುಗಿದು ಹೊಲಗಳು ಬಯಲಾದವು. ಹಿಪ್ಪರಗಿ ಕಡೆ, ಕೃಷ್ಣೆಯ ದಂಡೆಯ ಒಂದು ಹೊಲ ಗೊತ್ತು ಮಾಡಿದ್ದರು. ಹಿಂದಿನ ಸಂಜೆ ವಿಮಾನದ ಒಡಲನ್ನೂ ರೆಕ್ಕೆಗಳನ್ನೂ ಚಕ್ಕಡಿಯಲ್ಲಿ ಮಲಗಿಸಿ ಸಾಗಿಸಿ, ಹೊಲದಲ್ಲೇ ಕೂಡಿಸಿಟ್ಟರು. ಚಕ್ಕಡಿ ಹೊರಟಾಗ ಅವ್ವ ಬಾಗಿಲಲ್ಲಿ ನಿಂತು, ಸೆರಗು ಹಿಡಿದು, ಕತ್ತೆತ್ತಿ ಮುಗಿಲು ನೋಡಿದಳು. ಹೂಂ ಎನ್ನಲಿಲ್ಲ, ಬ್ಯಾಡ ಎನ್ನಲಿಲ್ಲ, ಒಳಗೆ ಬಂದಳು. ಹೀಗೆ ಬರೆದಿದ್ದೇನೆ, ಮತ್ತೆ ಓದಿದಾಗ ಭಯವಾಗುತ್ತದೆ. ದಿನವೂ ಕಂಡ ಆ ಭಂಗಿಯನ್ನು ನಾನೇ ತಂದು ಆ ಸಂಜೆಗೆ ಅಂಟಿಸಿರಬಹುದೆ?

ರಾತ್ರಿ ಜಿನುಗು ಮಳೆ ಬಂದು ಹೋಗಿತ್ತು. ಬೆಳಿಗ್ಗೆ ಜೀಪಿನಲ್ಲಿ ನಾವು ಹೋಗಿ ಇಳಿದಾಗ ಹೊಳೆಯಿಂದ ಎದ್ದ ಮಂಜು ಹೊಲದ ತುಂಬ ಇತ್ತು. ರೆಕ್ಕೆಯ ಹೊರಗೆ ಬಣ್ಣವಿತ್ತು, ಒಳಮೈಗೆ ಬರೀ ಗಂಜಿ. ತೇವ ಒಳಗಿನಿಂದ ಕುಡಿದು ಬಟ್ಟೆ ಜೋತುಬಿದ್ದಿತ್ತು. ಹಸಿರು ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ, ಅಲ್ಲಲ್ಲಿ ಎದ್ದಿತ್ತು. ಅಪ್ಪ ಹೆಬ್ಬೆರಳಿನಿಂದ ಒತ್ತಿದ. ಬೆರಳು ಒಳಗಿಳಿಯಿತು.

"ಏನೋ, ನಿನ್ನ ಇಮಾನ ಹಪ್ಪಳ ಆಗೇತಲ್ಲೋ," ಎಂದ ವಿಠ್ಠಲರಾವ್. "ಕರದ ತಿನ್ನೂಣೇನು?"

ಅಪ್ಪ ಅವ್ವನ ಕಡೆ ತಿರುಗಿದ. ಅವಳು ಬಂದು, ಕೆಟ್ಟ ಹಾಸನ್ನು ಪರೀಕ್ಷಿಸುವ ಹಾಗೆ, ಬಟ್ಟೆಯ ಮೇಲೆ ಅಂಗೈ ಆಡಿಸಿದಳು.

"ಬಿಸಲ ಬೀಳಲಿ. ಮತ್ತ ಬಿಗೀತೈತಿ," ಎಂದಳು.

ಅದು ಸುಳ್ಳಾಗಿರಲಿಲ್ಲ. ಬದುವಿನ ಮೇಲೆ ಕುಳಿತು, ಕಟ್ಟಿಕೊಂಡು ಹೋದ ರೊಟ್ಟಿ ತಿಂದೆವು. ಮಂಜು ಹರಿದು ಬಿಸಿಲೇರಿದ ಹಾಗೆ ಬಟ್ಟೆ ನಮ್ಮ ಕಣ್ಣೆದುರೇ ಎದ್ದು ನಿಂತಿತು. ಅಪ್ಪ ಬೆರಳಿನಿಂದ ಹೊಡೆದ, ಢಂ ಎಂದಿತು. ವಿಠ್ಠಲರಾವ್ ಹಗ್ಗದ ಸುರುಳಿ ಬಿಚ್ಚಿ, ಇನ್ನ ಹತ್ತಿ ಕೂಡು ಎಂದ. ನಾನು ಅವ್ವನ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅಪ್ಪ ರೆಕ್ಕೆಯ ಮೇಲೆ ಕೈ ಇಟ್ಟು ಕತ್ತೆತ್ತಿ ಮುಗಿಲು ನೋಡಿದ. ನಂತರ ಮೆಲ್ಲಗೆ ಅಂದ:

"ಮ್ಯಾಲೂ ತ್ಯಾವ ಇರತೈತಲ್ಲೋ, ವಿಠ್ಠಲಾ."

ಅಷ್ಟೇ. ರೆಕ್ಕೆಗಳನ್ನು ಮತ್ತೆ ಚಕ್ಕಡಿಯಲ್ಲಿ ಮಲಗಿಸಿದರು. ಅಪ್ಪ ಬದುಕಿದ್ದ ಎಂಬ ಸಂತೋಷಕ್ಕೆ ದಾರಿಯುದ್ದಕ್ಕೂ ನಾನು ಹಾಡುತ್ತ ಬಂದೆ. ಅವನು ಒಂದು ಮಾತೂ ಆಡಲಿಲ್ಲ ಎಂಬುದು ನನ್ನ ಗಮನಕ್ಕೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಅದನ್ನು ಬರೆಯಲು ಕುಳಿತಾಗ.

ವಿಮಾನದ ಬಿದಿರು ಅಂಗಳದ ಚಪ್ಪರಕ್ಕೆ ಹೋಯಿತು. ರೆಕ್ಕೆಯ ಒಂದು ತುದಿಯನ್ನು ಅಪ್ಪ ಮಗ್ಗದ ಕೋಣೆಯ ಕಿಟಕಿಗೆ ಬಾಗಿಲಾಗಿ ಕೂಡಿಸಿದ. ಅಲ್ಲಿಂದ ಮುಂದೆ ಅವ್ವ ಮುಗಿಲು ನೋಡುವುದನ್ನು ಬಿಟ್ಟಳು. ನಸುಕಿನಲ್ಲಿ ಎದ್ದು ಆ ಬಟ್ಟೆಯ ಮೇಲೆ ಹೆಬ್ಬೆರಳು ಒತ್ತುತ್ತಿದ್ದಳು. ಬಿಗಿಯಿದ್ದರೆ ಹೂಂ, ಸಡಿಲಿದ್ದರೆ ಬ್ಯಾಡ. ಕ್ರಮೇಣ ಓಣಿಯವರೂ ಬಂದು, ಇಮಾನ ಏನಂತೈತ್ರಿ ಎಂದು ಕೇಳಿ ಹೋಗತೊಡಗಿದರು. ಆಗ ಅಪ್ಪ ಲಾಳಿ ಹಿಡಿದ ಕೈ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಏನಿತ್ತು ಎಂದು ಬರೆಯಲು ನಾನು ಪ್ರಯತ್ನಿಸಿ ಸೋತಿದ್ದೇನೆ.

ಅಪ್ಪ ತೀರಿದ ಮೇಲೆ ಒಮ್ಮೆ ಅವ್ವನನ್ನು ಕೇಳಿಯೇಬಿಟ್ಟೆ: ತೇವಕ್ಕೆ ಗಂಜಿ ಸಡಿಲಾಗುತ್ತದೆ ಎಂದು ನಿನಗೆ ಗೊತ್ತಿತ್ತಲ್ಲ? ಅವಳು ಕಣ್ಣಿನ ಹತ್ತಿರ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದಳು.

"ಅವರಿಗೆ ಗೊತ್ತಿರಲಿಲ್ಲೇನು?" ಎಂದಳು.

ಆ ಮಾತನ್ನು ಹಿಡಿದು ಇಷ್ಟು ವರ್ಷ ತಿರುಗುತ್ತಿದ್ದೇನೆ. ಇಬ್ಬರಿಗೂ ಗೊತ್ತಿದ್ದೂ ಇಬ್ಬರೂ ನಕ್ಕಿದ್ದರೆ, ಆ ನಗು ಏನು? ಈಗ ಆ ಕೋಣೆಯಲ್ಲಿ ಬೇರೆಯವರ ಪವರ್‌ಲೂಮುಗಳು ಓಡುತ್ತವೆ. ಕುಣಿಗಳನ್ನು ಮುಚ್ಚಿ ಸಿಮೆಂಟು ಹಾಕಿದ್ದಾರೆ. ರೆಕ್ಕೆಯ ತುದಿ ಮಾತ್ರ ನನ್ನ ಕಪಾಟಿನ ಹಿಂದಿದೆ. ಪೇಂಟರ್ ಅದನ್ನು ಹೊರಗೆ ಎಳೆದು, ಇದಕ್ಕೂ ಒಂದು ಕೈ ಬಣ್ಣ ಹಚ್ಚಲಾ ಎಂದ. ಬೇಡ ಎಂದೆ. ಅವನು ಹೋದ ಮೇಲೆ ಅದನ್ನು ಕಿಟಕಿಗೆ ಆನಿಸಿ ಕುಳಿತೆ. ಹಸಿರು ಬಹುಪಾಲು ಉದುರಿ, ಅವ್ವನ ನೇಯ್ಗೆ ಕಾಣುತ್ತಿತ್ತು. ಹೊರಗೆ ಮಳೆ ಹನಿಯುತ್ತಿತ್ತು. ಹೆಬ್ಬೆರಳು ಒತ್ತಿದೆ, ಬಟ್ಟೆ ತುಸುವೇ ಒಳಗಿಳಿಯಿತು.

ಇವತ್ತು ಹಾಸು ಚಾಚಬ್ಯಾಡ್ರಿ, ಎಂದೆ.